ಒಳ್ಳೆಯ ಹುಡುಗ

ಮುಖ್ಯೋಪಾಧ್ಯಾಯಿನಿಯ ಮೇಜಿನ ಮೇಲಿದ್ದ ಮೊಬೈಲಿನಿಂದ, ಎದುರು ಕೂತಿದ್ದ ಕಸೂಬಳದೇ ದನಿ ಹೊರಬರುತ್ತಿತ್ತು. "ಅಪ್ಪ ಬೇರೆ ಮನೆ ಮಾಡಿದಾಗಿಂದ ಅಮ್ಮ ಬಚ್ಚಲಲ್ಲಿ ನಲ್ಲಿ ತಿರುಗಿಸ್ಕೊಂಡು ಅಳ್ತಾಳೆ, ಲುಬುಟೊ. ಯಾರಿಗೂ ಹೇಳ್ಬೇಡ."

ಅವಳು ಪ್ರೀತಿಸಿದ್ದ ಲುಬುಟೊ, ತನಗೆ ಕಳಿಸಿದ್ದ ಆ ಧ್ವನಿಸಂದೇಶವನ್ನು ಇಡೀ ತರಗತಿಯ ವಾಟ್ಸ್ಯಾಪ್ ಗುಂಪಿಗೆ ಹಾಕಿದ್ದ. ಬೆಳಗ್ಗೆ ಅವಳು ಶಾಲೆಯ ಗೇಟು ದಾಟುವಾಗಲೇ ಹುಡುಗರು, "ನಲ್ಲಿ ನಿಲ್ಸೇ, ಎಂಡೋಲಾ ಊರು ಪೂರ್ತಿ ಮುಳುಗ್ತದೆ!" ಎಂದು ಕೂಗಿದ್ದರು.

ಪಕ್ಕದ ಕುರ್ಚಿಯಲ್ಲಿ ಅಮ್ಮ ತಲೆ ಎತ್ತದೆ ಕೂತಿದ್ದಳು. ಮಾರುಕಟ್ಟೆಯ ಅಂಗಡಿಯನ್ನು ಹಾಗೇ ಬಿಟ್ಟು ಓಡಿಬಂದಿದ್ದಳು.

"ನೋಡಿ ಬಾನಾ ಕಸೂಬ," ಎಂದರು ಮುಖ್ಯೋಪಾಧ್ಯಾಯಿನಿ, ಊರ ರೂಢಿಯಂತೆ ಅಮ್ಮನನ್ನು ಮಗಳ ಹೆಸರಿನಿಂದ ಕರೆಯುತ್ತ, "ಇಬ್ಬರದೂ ತಪ್ಪಿದೆ. ಹದಿನಾರಕ್ಕೇ ಪ್ರೀತಿ ಗೀತಿ ಅಂತ ಹೊರಟ್ರೆ ಹೀಗೇ ಆಗೋದು."

"ಪಾಸ್‌ವರ್ಡ್ ಕೊಡು ಅಂದ, ಕೊಟ್ಟೆ," ಎಂದಳು ಕಸೂಬ. "ಎಲ್ಲಿದ್ದೀಯ ಫೋಟೊ ಕಳ್ಸು ಅಂದ, ಕಳ್ಸಿದೆ. ಸಾಕಾಗಿ ಬಿಟ್ಟುಬಿಟ್ಟೆ. ಚಿಕ್ಕಮ್ಮನ ಮನೇಲಿದ್ರೆ ಅಲ್ಲಿಗೂ ಬಂದು ಕಪಾಳಕ್ಕೆ ಹೊಡ್ದ. ನಾನು ಅಲ್ಲಿರೋದು ಅವನಿಗೆ ಯಾರು ಹೇಳಿದ್ರೋ..."

"ನಾನೇ," ಎಂದಳು ಅಮ್ಮ.

ಕಸೂಬ ಗಕ್ಕನೆ ಅವಳತ್ತ ತಿರುಗಿದಳು.

"ಅಂಗಡಿಗೆ ಬಂದು ಬಟ್ಟೆಗಂಟು ಇಳಿಸಿಕೊಡ್ತಿದ್ದ. 'ಅವಳು ಎಲ್ಲಿಗೆ ಹೋದ್ಲು, ಕ್ಷೇಮವಾಗಿ ಮುಟ್ಟಿದ್ಲಾ, ನನಗೊಂದು ಮೆಸೇಜ್ ಹಾಕಮ್ಮಾ' ಅಂತಿದ್ದ. ಹಾಕ್ತಿದ್ದೆ. ನಿಮ್ಮಪ್ಪ ನನ್ನ ಒಂದಿನಾನೂ ಹಾಗೆ ಕೇಳಿದವನಲ್ಲ. ಒಳ್ಳೆ ಹುಡುಗ ಅಂದ್ಕೊಂಡೆ."

"ಹೊಡೆದ ಮೇಲೂ ಹೇಳಿದ್ಯಾ?"

"ಒಂದೇ ಸಲ. ಕಾಲು ಹಿಡ್ಕೊಂಡು ಅತ್ತ. ಕ್ಷಮೆ ಕೇಳ್ತೀನಿ ಅಂದ."

ಆ ಸಂಜೆಯೇ ಅವನು ಬಸ್ ನಿಲ್ದಾಣದಲ್ಲಿ ಎಲ್ಲರೆದುರು ಅವಳ ಜಡೆ ಹಿಡಿದು ಎಳೆದಾಡಿದ್ದ. ಹೋದಲ್ಲೆಲ್ಲ ಅವನು ಎದುರಾದಾಗ ಕಸೂಬ ಎಲ್ಲರನ್ನೂ ಶಂಕಿಸಿದ್ದಳು. ಜೀವದ ಗೆಳತಿಯ ಜೊತೆ ಮಾತು ಬಿಟ್ಟಿದ್ದಳು. ಮನೆಯೊಳಗೆ ಮಾತ್ರ ನೋಡಿರಲಿಲ್ಲ.

"ಆಯ್ತು, ಮನೆ ವಿಷಯ ಮನೇಲೇ ಬಗೆಹರಿಸ್ಕೊಳ್ಳಿ," ಎಂದು ಮುಖ್ಯೋಪಾಧ್ಯಾಯಿನಿ ಎದ್ದರು.

ಅಮ್ಮ ಏಳಲಿಲ್ಲ. "ಇಲ್ಲ ಟೀಚರ್. ಅವನನ್ನ, ಅವನ ಅಪ್ಪ ಅಮ್ಮನ್ನ ಈಗಲೇ ಕರೆಸಿ. ಇಲ್ಲಿಂದ ನಾನು ಪೊಲೀಸರ ಹತ್ರ ಹೋಗ್ತೀನಿ. ಅವನು ಹೊಡೆದದ್ದನ್ನೂ ಹೇಳ್ತೀನಿ, ನಾನು ದಾರಿ ತೋರಿಸಿದ್ದನ್ನೂ ಹೇಳ್ತೀನಿ. ನನ್ನ ಅಳು ಊರೆಲ್ಲ ಕೇಳಾಯ್ತಲ್ಲ, ಇನ್ನೇನು ಮುಚ್ಚಿಡೋದು?"

ಮುಖ್ಯೋಪಾಧ್ಯಾಯಿನಿ ಮತ್ತೆ ಕೂತು ಫೋನು ಕೈಗೆತ್ತಿಕೊಂಡರು.

ಠಾಣೆಯಲ್ಲಿ ದೂರು ಕೊಟ್ಟು ಹೊರಬರುವಷ್ಟರಲ್ಲಿ ಸಂಜೆಯಾಗಿತ್ತು. ಮಿನಿಬಸ್ಸಿನ ಹಿಂದಿನ ಸೀಟು ಹಿಡಿದ ಅಮ್ಮ ಪಕ್ಕದ ಜಾಗ ತಟ್ಟಿ, "ಬಾ ಮಗಳೇ," ಎಂದಳು. ಕಸೂಬ ಮುಂದೆ, ಚಾಲಕನ ಬೆನ್ನಿಗಿದ್ದ ಸೀಟಿನಲ್ಲಿ ಕೂತಳು. ಮುದುಕಿಯೊಬ್ಬಳು ಹತ್ತಿದಳು, ಕೋಳಿ ಹಿಡಿದ ಗಂಡಸೊಬ್ಬ ಹತ್ತಿದ. ಬಸ್ಸು ತುಂಬಿ ಜನ ಬಗ್ಗಿ ನಿಂತರು, ಬೈದರು. ಅಮ್ಮ ಮಾತ್ರ ಪಕ್ಕದ ಸೀಟಿನ ಮೇಲಿಟ್ಟ ಅಂಗೈಯನ್ನು ತೆಗೆಯಲೇ ಇಲ್ಲ.