ಮೂವತ್ತೊಂದನೆಯ ತಿದ್ದುಪಡಿ

ಹಲವು ದೇಶಗಳ ಕೂಡು ಸಂಸತ್ತಿನಲ್ಲಿ ಮತದಾನ ಶುರುವಾಗಿ ಎರಡು ಗಂಟೆಯಾಗಿತ್ತು. ಜೊಸ್ಯಾನ್ ಬುಹಾಜಾರ್ ಮುಂದಿನ ಸಾಲಿನಲ್ಲಿ ಕೂತು ಹೆಬ್ಬೆರಳನ್ನು ಮೇಲೆ, ಕೆಳಗೆ, ಮತ್ತೆ ಕೆಳಗೆ ತೋರಿಸುತ್ತಿದ್ದಳು. ಹಿಂದೆ ಅವಳ ಗುಂಪಿನ ನೂರ ಮೂವತ್ತು ಸದಸ್ಯರು, ಹತ್ತಾರು ದೇಶದವರು, ಆ ಬೆರಳು ನೋಡಿ ಗುಂಡಿ ಒತ್ತುತ್ತಿದ್ದರು. ಮೇಲಾದರೆ ಹಸಿರು, ಕೆಳಗಾದರೆ ಕೆಂಪು. ದಿನಕ್ಕೆ ಮುನ್ನೂರು ಮತ ಹಾಕುವ ಜನಕ್ಕೆ ಎಲ್ಲವನ್ನೂ ಓದಿಕೊಂಡು ಬರಲು ಪುರುಸೊತ್ತೆಲ್ಲಿ? ಮೀನುಗಾರಿಕೆಯ ಮಸೂದೆ ಜೊಸ್ಯಾನ್‌ಳ ಪಾಲಿನದು. ಹಾಗಾಗಿ ಇವತ್ತು ಬೆರಳೂ ಅವಳದೇ.

ಮೂವತ್ತೊಂದನೆಯ ತಿದ್ದುಪಡಿ ಅವಳೇ ಬರೆದದ್ದು. ಎಲ್ಲ ದೋಣಿಗಳಿಗೂ ಜಾಡು ತೋರಿಸುವ ದುಬಾರಿ ಉಪಗ್ರಹದ ಯಂತ್ರ ಕೂರಿಸಬೇಕು, ಇಲ್ಲದಿದ್ದರೆ ಪರವಾನಗಿ ರದ್ದು ಎಂಬ ನಿಯಮದಿಂದ ಪುಟ್ಟ ದೋಣಿಗಳನ್ನು ಬಿಡಿಸುವ ನಾಲ್ಕು ಸಾಲು, ಅಷ್ಟೇ. ಅಷ್ಟಕ್ಕಾಗಿ ಎರಡು ವರ್ಷ ಕಂಡಕಂಡವರ ಬಾಗಿಲು ತಟ್ಟಿದ್ದಳು. ಅವಳ ಪುಟ್ಟ ದೇಶ ಮಾಲ್ಟಾದಿಂದ ಆರಿಸಿ ಬಂದವರು ಆರೇ ಜನ, ಆರು ಜನಕ್ಕೆ ಆರು ದಿಕ್ಕು. ಅವರೂ ಈ ಒಂದಕ್ಕೆ ಒಂದಾಗಿದ್ದರು. ತನ್ನೂರು ಮಾರ್ಸಶ್ಲೊಕ್‌ನ ಬಂದರಿನ ಕಟ್ಟೆಯ ಮೇಲೆ ನಿಂತು, "ನಿಮ್ಮ ದೋಣಿ ತಂಟೆಗೆ ಯಾರೂ ಬರದಂಗೆ ನೋಡ್ಕೋತೀನಿ" ಎಂದು ಮಾತು ಕೊಟ್ಟಿದ್ದಳು.

ನಡುವೆ ಅಧ್ಯಕ್ಷರು ಏನೋ ಗೊಣಗಿದರು. ಇಪ್ಪತ್ತೊಂಬತ್ತು ಗೆದ್ದಿದ್ದರಿಂದ ಮೂವತ್ತು ತಾನಾಗಿಯೇ ಬಿದ್ದುಹೋಗಿದೆ, ಮುಂದಿನ ಮತ ಮೂವತ್ತೊಂದಕ್ಕೆ ಎಂದು. ಜೊಸ್ಯಾನ್ ಆಗ ಕಣ್ಣುಜ್ಜಿಕೊಳ್ಳುತ್ತಿದ್ದಳು. ಬೆಳಗಿನ ಜಾವದ ವಿಮಾನ, ಖಾಲಿ ಹೊಟ್ಟೆ. ಹಾಳೆಯಲ್ಲಿ ಮೂವತ್ತರ ಮುಂದೆ 'ವಿರುದ್ಧ' ಎಂದಿತ್ತು. ಮತಕ್ಕೆ ಬಂದದ್ದು ಅದೇ ಎಂದುಕೊಂಡು ಬೆರಳು ಕೆಳಗಿಳಿಸಿದಳು. ತಾನೂ ಕೆಂಪು ಒತ್ತಿದಳು.

ಫಲಕದ ಮೇಲೆ ಅಂಕಿ ಮೂಡಿತು. ತಿದ್ದುಪಡಿ ಮೂವತ್ತೊಂದು, ಹನ್ನೊಂದು ಮತಗಳ ಅಂತರದಿಂದ ತಿರಸ್ಕೃತ.

ಅಯ್ಯೋ ದೇವರೇ, ಇದೇನು ಮಾಡಿಬಿಟ್ಟೆ! ಎದ್ದು ಕೂಗಬೇಕೆನ್ನಿಸಿತು. ಅಷ್ಟರಲ್ಲಿ ಮೂವತ್ತೆರಡು ಬಂತು. ಹಿಂದಿನ ನೂರ ಮೂವತ್ತು ಮಂದಿ ಬೆರಳಿಗಾಗಿ ಕಾಯುತ್ತಿದ್ದರು. ಅವಳು ಬೆರಳೆತ್ತಿದಳು.

ಸಭೆ ಮುಗಿದಾಗ ಸಿಲ್ವಿಯೊ ಕಾಗದ ಹಿಡಿದು ಬಾಗಿಲಲ್ಲೇ ನಿಂತಿದ್ದ. ಅವಳ ಕಾರ್ಯದರ್ಶಿ, ಅವಳಿಗಿಂತ ಹಿರಿಯ, ಇಂಥ ಎಷ್ಟೋ ಸದಸ್ಯರನ್ನು ದಡ ಮುಟ್ಟಿಸಿದವನು.

"ಸೈನ್ ಹಾಕಿ. ತಪ್ಪಿ ಒತ್ತಿದೆ, ನನ್ನ ಮತ ಪರವಾಗಿ ಅಂತ. ದಾಖಲೆಯಲ್ಲಿ ನಿಮ್ಮ ಹೆಸರು ಹಸಿರಾಗುತ್ತೆ."

"ಫಲಿತಾಂಶ?"

"ಅದೆಲ್ಲಿ ಬದಲಾಗುತ್ತೆ ಮೇಡಂ? ನಿಮ್ಮ ಹೆಸರು ಉಳಿಯುತ್ತೆ, ಅಷ್ಟು ಸಾಲದಾ?"

ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗಿತ್ತು. ಆದರೂ ಸಹಿ ಹಾಕಿದಳು. ಬೇಡವೆನ್ನುವುದಕ್ಕೂ ತ್ರಾಣ ಬೇಕಲ್ಲ.

ಲಿಫ್ಟಿನಲ್ಲಿ ಎಡ್ವಿಚ್ ಶ್ವೆರೆಬ್ ಸಿಕ್ಕಿದ. ಮಾಲ್ಟಾದವನೇ, ಎದುರು ಪಕ್ಷದವನು, ಇಪ್ಪತ್ತು ವರ್ಷದಿಂದ ಹಾವು ಮುಂಗುಸಿ.

"ನಿನ್ನ ಬೆರಳು ನೋಡ್ದೆ ಕಣೇ," ಅಂದ.

"ಹೋಗಿ ಡಂಗುರ ಸಾರು."

"ಸಾರಲ್ಲ. ನಂಗೂ ಒಂದ್ಸಲ ಹಿಂಗೇ ಆಗಿತ್ತು. ಯಾರಿಗೂ ಗೊತ್ತಾಗ್ಲಿಲ್ಲ." ಅವನು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿಕೊಂಡ. "ಹೋಗಿ ಏನಾದ್ರೂ ತಿನ್ನು. ಮುಖ ಬಿಳಿಚ್ಕೊಂಡಿದೆ."

ಕ್ಯಾಂಟೀನಿನ ಸಾಲಿನಲ್ಲಿ ನಿಂತಿದ್ದಾಗ ಫೋನ್ ಬಂತು. ವೀಜಿ ಮಾಮ. ಮಾರ್ಸಶ್ಲೊಕ್‌ನ ಮೀನುಗಾರರ ಹಿರಿಯ, ಎಪ್ಪತ್ತು ದಾಟಿದವನು, ಮೇಲೆ ಸೂರಿಲ್ಲದ ಮರದ ದೋಣಿಯವನು.

"ಏನವ್ವಾ ಜೊಸ್ಯಾನ್! ಸೋತ್ರೆ ಸೋತ್ವಿ, ಬಿಡು! ನಿಮ್ಮ ಗುಂಪಿನೋರೆಲ್ಲಾ ಕೈ ಕೊಟ್ರೂ ನೀನೊಬ್ಳೇ ನಮ್ ಪರ ನಿಂತೆಯಂತಲ್ಲಾ! ರೇಡಿಯೋದಲ್ಲೇ ಹೇಳುದ್ರು!"

ಸಿಲ್ವಿಯೊ ಚುರುಕಿನವನು. ಸುದ್ದಿ ಆಗಲೇ ಊರಿಗೆ ಮುಟ್ಟಿಸಿಬಿಟ್ಟಿದ್ದ.

"ಮಾಮಾ..."

"ಆ ದೊಡ್ಡ ದೇಶದ ನನ್ಮಕ್ಕಳಿಗೆ ನಮ್ ದೋಣಿ ಎಲ್ಲಿ ಕಂಡೀತು? ಚಳಿಗಾಲಕ್ಕೆ ನನ್ನ ಪರವಾನಗಿ ಹೋಗ್ತದೆ, ಹೋಗ್ಲಿ. ನಮ್ಮೂರ ಹೆಣ್ಮಗಳು ಮಾತಿಗೆ ತಪ್ಪಲಿಲ್ಲ ನೋಡು, ಅದು ದೊಡ್ಡದು."

ಅವಳಿಗೆ ಅಳು ಒತ್ತರಿಸಿ ಬಂತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ತನ್ನನ್ನು ನಂಬಿ ಗುಂಡಿ ಒತ್ತಿದವರು ಬೈಗುಳ ತಿನ್ನುತ್ತಿದ್ದರು, ಹೊಗಳಿಕೆ ತನಗೆ ಬರುತ್ತಿತ್ತು. ಸುಮ್ಮನಿದ್ದರೆ ಮುಗಿಯಿತು. ಸುಮ್ಮನಿರಲು ಆಗಲಿಲ್ಲ.

"ಮಾಮಾ, ಕೈ ಕೊಟ್ಟೋಳು ನಾನು. ಕಣ್ತಪ್ಪಿ ನಾನೇ ಬೆರಳು ಕೆಳಗೆ ಮಾಡ್ದೆ. ಅವರೆಲ್ಲ ನನ್ನ ನೋಡಿ ಒತ್ತಿದ್ರು."

"ಹಾಂ? ಏನೂ ಕೇಳಿಸ್ತಿಲ್ಲ ಕಣವ್ವಾ, ಎಂಜಿನ್ ಸದ್ದು. ತಡಿ." ಅವನು ಅತ್ತ ತಿರುಗಿ ಕೂಗುವುದು ಕೇಳಿಸಿತು. "ಲೇ, ಆರಿಸ್ರೋ ಅದನ್ನ! ಜೊಸ್ಯಾನ್ ಮಾತಾಡ್ತಾವ್ಳೆ!"

ಒಂದಾದ ಮೇಲೊಂದರಂತೆ ಎಂಜಿನ್‌ಗಳು ನಿಂತವು.

"ಈಗ ಹೇಳವ್ವಾ. ಸ್ಪೀಕರ್ ಹಾಕಿದೀನಿ, ಎಲ್ರೂ ಇಲ್ಲೇ ಅವ್ರೆ. ಜೋರಾಗಿ ಹೇಳು."

ತಟ್ಟೆ ಹಿಡಿದು ಹಿಂದೆ ನಿಂತಿದ್ದವರು ಅವಳನ್ನೇ ನೋಡುತ್ತಿದ್ದರು. ಜೊಸ್ಯಾನ್ ಮೊದಲಿನಿಂದ ಹೇಳಿದಳು, ಜೋರಾಗಿ, ಒಂದು ಮಾತೂ ಬಿಡದೆ.

ಆ ಕಡೆಯವರು ಫೋನ್ ಇಡಲಿಲ್ಲ. ದೋಣಿಗಳ ಪಕ್ಕೆಗೆ ನೀರು ಬಡಿಯುವ ಸದ್ದು ಮಾತ್ರ ಕೇಳಿಸುತ್ತಿತ್ತು.