ಕೂತಲ್ಲೇ ಹನ್ನೊಂದು ಸಾವಿರ ಹೆಜ್ಜೆ

ಹೊಲಿಗೆ ಕಾರ್ಖಾನೆ ಮೂರನೇ ಮಹಡಿಗೆ ಹೋದದ್ದೇ ತಡ, ಟೈಲರಕ್ಕನಿಗೆ ದಿನಾ ಬೆಳಿಗ್ಗೆ ಏದುಸಿರು. ಲಿಫ್ಟಿದೆ, ಆದರೆ ಅದಕ್ಕೆ ಬೀಗ. ಅದು ಮಾಲೀಕರಿಗೆ ಮತ್ತು ಬಟ್ಟೆ ಗಂಟುಗಳಿಗೆ ಮಾತ್ರ! ಐವತ್ನಾಲ್ಕು ಮೆಟ್ಟಿಲು ಹತ್ತುವಷ್ಟರಲ್ಲಿ ಅಕ್ಕ ನಾಲ್ಕು ಕಡೆ ಗೋಡೆ ಹಿಡಿದು ನಿಲ್ಲುತ್ತಿದ್ದಳು. ತಡವಾದ ಒಂದು ದಿನ ಮೇಸ್ತ್ರಿ ಎಲ್ಲರೆದುರೇ ಅಂದುಬಿಟ್ಟ.

"ಹತ್ತೋಕಾಗಲ್ಲ ಅಂದ್ರೆ ಮನೇಲಿರಿ. ಮೂರು ತಿಂಗಳು ನೋಡ್ತೀನಿ, ಆಮೇಲೆ ಬೇರೆಯವರು ಬರ್ತಾರೆ."

ಇಪ್ಪತ್ತೆರಡು ವರ್ಷ ಕಾಲರ್ ಹೊಲಿದ ಹೆಂಗಸಿಗೆ ಆಡುವ ಮಾತೇ ಇದು? ಅಕ್ಕನ ಮೈಯೆಲ್ಲ ಉರಿದುಹೋಯಿತು.

ಆಸ್ಪತ್ರೆಯಲ್ಲಿ ಡಾಕ್ಟರು ಪರೀಕ್ಷೆ ಮಾಡಿದರು. ಹೃದಯ ಗಟ್ಟಿಯಾಗಿತ್ತು, ಕೂತು ಕೂತು ದೇಹಕ್ಕೆ ಅಭ್ಯಾಸ ತಪ್ಪಿತ್ತು, ಅಷ್ಟೆ. ನರ್ಸಮ್ಮ ಹೆಜ್ಜೆ ಎಣಿಸುವ ಪಟ್ಟಿಯೊಂದನ್ನು ಕೈಗೆ ಕಟ್ಟಿ, "ದಿನಾ ನಡೀರಿ" ಎಂದಳು. ಇಂಥದೇ ಪಟ್ಟಿ ಕಟ್ಟಿಕೊಂಡ ಬೀದಿಯ ಹೆಂಗಸರಲ್ಲಿ ಯಾರು ಹೆಚ್ಚು ನಡೆದರು ಎಂದು ಆಸ್ಪತ್ರೆಯ ಗೋಡೆಯ ಮೇಲೆ ದಿನಾ ಬರೆದು ಹಾಕುತ್ತಿದ್ದಳು. ಮೇಲಿನ ಹೆಸರು ಯಾವಾಗಲೂ ಅಂಚೆ ಹಂಚುವ ಪೋಸ್ಟಮ್ಮನದು. ಕೆಳಗಿನದು ಟೈಲರಕ್ಕನದು.

ಅಕ್ಕನ ಗಂಡ ಗಡಿಯಾರ ರಿಪೇರಿಯವನು. "ಈ ವಯಸ್ಸಲ್ಲಿ ಬೇಕಿತ್ತಾ? ಬೀದಿಯೆಲ್ಲ ನಗುತ್ತೆ" ಎಂದು ದಿನಾ ಕುಟುಕುತ್ತಿದ್ದ.

ಹನ್ನೊಂದನೇ ದಿನ ಟೈಲರಕ್ಕನ ಲೆಕ್ಕ ಹನ್ನೊಂದು ಸಾವಿರ! ನರ್ಸಮ್ಮ ಖುಷಿಯಿಂದ ಮನೆಗೇ ಓಡಿ ಬಂದಳು. ನೋಡಿದರೆ ಅಕ್ಕ ಮಿಷನ್ ತುಳಿಯುತ್ತಾ ಕೂತಿದ್ದಾಳೆ, ಪಟ್ಟಿ ಕಾಲಲ್ಲಿದೆ.

"ಏನಕ್ಕಾ, ಕೈಗೆ ಕೊಟ್ಟದ್ದು ಕಾಲಿಗೆ ಯಾಕೆ ಹೋಯ್ತು?"

ಅಕ್ಕ ಸಿಡಿದಳು. "ಹೌದು, ಮೋಸಾನೇ! ಊರು ಸುತ್ತೋದೇ ಕೆಲಸ ಆಗಿರೋಳ ಪಕ್ಕ ನನ್ನ ಹೆಸರು ಬರೆದ್ರಲ್ಲ, ಅದು ಮೋಸ ಅಲ್ವಾ? ಒಬ್ಬರ ಅಳತೆ ತಗೊಂಡು ಇನ್ನೊಬ್ಬರಿಗೆ ಅಂಗಿ ಹೊಲೀತಾರಾ ಯಾರಾದ್ರೂ?"

ನರ್ಸಮ್ಮ ಪಟ್ಟಿಯನ್ನು ಕಾಲಿಂದ ಬಿಚ್ಚಿ ಅಕ್ಕನ ಕೈಗೆ ಕಟ್ಟಿದಳು. "ತಪ್ಪು ನಂದೇ ಅಕ್ಕ. ಆ ಲೆಕ್ಕ ನಾಳೇನೇ ಅಳಿಸ್ತೀನಿ" ಎಂದಳು. "ಇನ್ನು ನಿಮಗೆ ನೀವೇ ಎದುರಾಳಿ. ಮೊದಲ ವಾರ ಹತ್ತೇ ನಿಮಿಷ. ಮಾತಾಡೋಕಾಗಬೇಕು, ಹಾಡೋಕಾಗಬಾರದು, ಅಷ್ಟು ಬಿರುಸು ಸಾಕು. ವಾರಕ್ಕೆ ಎರಡೆರಡು ನಿಮಿಷ ಜಾಸ್ತಿ ಮಾಡಿ. ವಾರದಲ್ಲಿ ಒಂದು ದಿನ ಕಾಲಿಗೆ ರಜೆ. ಎದೆನೋವು, ತಲೆಸುತ್ತು ಬಂದ್ರೆ ಅಲ್ಲೇ ನಿಲ್ಲಿಸಿ, ಡಾಕ್ಟರ ಹತ್ರ ಬನ್ನಿ."

"ಮತ್ತೆ ಕಾರ್ಖಾನೇಲಿ ಬೀಗ ಹಾಕಿರೋ ಆ ಲಿಫ್ಟು?"

"ಅದಕ್ಕೆ ಎಲ್ಲರೂ ಸೇರಿ ಜಗಳ ಆಡಿ. ಜಗಳಕ್ಕೂ ಉಸಿರು ಬೇಕಲ್ಲ!"

ಮಾರನೆಯ ದಿನದಿಂದ ಅಕ್ಕ ಮೆಟ್ಟಿಲಲ್ಲಿ ನಿಂತ ಕಡೆಯೆಲ್ಲ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಗೋಡೆಗೊಂದು ಗೀಟು ಎಳೆದಳು. ಮೊದಲ ಗೀಟು ಹನ್ನೆರಡನೇ ಮೆಟ್ಟಿಲಿಗೆ. ಎರಡು ವಾರಕ್ಕೆ ಹದಿನೇಳಕ್ಕೆ. ಆಮೇಲೆ ಜ್ವರ ಬಂದು ಐದು ದಿನ ಮಲಗಿದಳು. ಎದ್ದು ಬಂದರೆ ಮತ್ತೆ ಹನ್ನೆರಡಕ್ಕೇ ಉಸಿರು ಕಟ್ಟಿತು. ಎಲ್ಲ ಮಣ್ಣುಪಾಲಾಯಿತೆಂದು ಕಣ್ಣೀರು ಹಾಕಿದಳು. "ಹಳೇ ಗೀಟು ನಿಮ್ಮದೇ ತಾನೇ? ಒಂದು ಸಲ ಮುಟ್ಟಿದ್ದೀರಿ, ಮತ್ತೆ ಮುಟ್ತೀರಿ" ಎಂದಳು ನರ್ಸಮ್ಮ. ಹತ್ತು ದಿನದಲ್ಲಿ ಮುಟ್ಟಿದಳು.

"ಗೋಡೆ ಯಾಕೆ ಗೀಚ್ತೀರಿ?" ಮೇಸ್ತ್ರಿ ಗದರಿದ.

"ಬೀಗ ತೆಗೀರಿ, ಗೀಚಲ್ಲ."

ಮೂರನೇ ತಿಂಗಳ ಕೊನೆಯ ಸೋಮವಾರ ಟೈಲರಕ್ಕ ಎಲ್ಲೂ ನಿಲ್ಲದೆ ಐವತ್ನಾಲ್ಕೂ ಹತ್ತಿದಳು. ಬಾಗಿಲಲ್ಲಿ ಮೇಸ್ತ್ರಿ ಬಾಯಿ ಬಿಟ್ಟುಕೊಂಡು ನಿಂತಿದ್ದ.

"ನನ್ನ ಕೆಲಸ ನಂದೇ, ಗೊತ್ತಾಯ್ತಾ?" ಅಕ್ಕನ ದನಿ ಇಡೀ ಮಹಡಿಗೆ ಕೇಳಿತು. "ಆದ್ರೆ ಇನ್ನೂ ಕೆಳಗೆ ಮೆಟ್ಟಿಲು ಹತ್ತುತಾ ಇರೋ ಗುಂಡಿ ಹೊಲಿಯೋ ಹುಡುಗಿ ಏಳು ತಿಂಗಳ ಬಸುರಿ. ಬಟ್ಟೆ ಗಂಟಿಗಿಂತ ಕಡೆಯಾದ್ಲಾ ಅವಳು? ತೆಗೀರಿ ಬೀಗ!"

ಮಿಷನ್‌ಗಳು ಒಂದೊಂದಾಗಿ ನಿಂತವು. ಹದಿನಾಲ್ಕು ಹೆಂಗಸರು ಎದ್ದು ಬಂದರು. ಮೇಸ್ತ್ರಿ ಲಿಫ್ಟಿನ ಕೀಲಿಕೈ ಹುಡುಕಿದ.

ಮರುದಿನ ಬೆಳಿಗ್ಗೆ ಗಂಡ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ಕಾಯುತ್ತಿದ್ದ. "ಹತ್ತೇ ನಿಮಿಷ ತಾನೇ?" ಎಂದ.

ಅಮ್ಮ, ಅಣ್ಣ, ಅಕ್ಕ, ಇದನ್ನು ಕೇಳುತ್ತಿರುವ ನಿಮಗೂ ಹೇಳುವುದು ಇಷ್ಟೇ. ನಗುವವರು ನಗಲಿ, ಹಲ್ಲು ಅವರದು. ಪಕ್ಕದ ಮನೆಯವರು ಎಷ್ಟು ನಡೆದರೆಂಬ ಲೆಕ್ಕ ನಿಮಗೆ ಬೇಡ. ನಾಳೆ ಹತ್ತು ನಿಮಿಷ ನಡೆಯಿರಿ. ಮುಂದಿನ ವಾರ ಈ ವಾರದ ನಿಮ್ಮನ್ನೇ ಸೋಲಿಸಿ.