ಬರೆದವರು

ಕಂಪ್ಯೂಟರಿನ ತೆರೆಯ ಮೇಲೆ ಅಕ್ಷರಗಳ ಹಿಂದೆ ತೆಳ್ಳನೆಯ ಬೂದು, ಕಿಟಕಿಯ ಬಿಸಿಲು ಬಿದ್ದರೆ ಕಾಣುವುದೇ ಇಲ್ಲ, ಪರದೆ ಎಳೆದರೆ ಕಾಣುತ್ತದೆ, ಎಳೆದಳು, ಹಾಂ, ಇದೆ, ಮೆಟ್ಟಿಲಿನ ಕಬ್ಬಿಣದ ಹಲಗೆಯ ದಪ್ಪದ ಹಿಂದೆ ಇದೆ, ತೂಕದ ಹಿಂದೆ ಇದೆ, ಮೆಟ್ಟಿಲುಗಳ ಸಂಖ್ಯೆಯ ಹಿಂದೆಯೂ ಇದೆ — ಬೂದು ಇದ್ದರೆ ಆ ಮಾತು ಫೈಲಿನೊಳಗಿನ ಮಾಹಿತಿಯಿಂದ ಬಂದದ್ದು, ಯಾರೋ ಹೊರಗಿನಿಂದ ಟೈಪು ಕುಟ್ಟಿದ್ದಲ್ಲ, ಒಳಗೆ ಬದಲಿಸಿದರೆ ಹೊರಗೆ ತಾನಾಗಿ ಬದಲಾಗುತ್ತದೆ, ಕಾಗದಕ್ಕೆ ಮಾತ್ರ ಬೂದು ಇಳಿಯುವುದಿಲ್ಲ, ಅಲ್ಲಿ ಎಲ್ಲವೂ ಒಂದೇ ಕಪ್ಪು. ಈ ಕೆಲಸವನ್ನು ಈ ಕೋಣೆಯಲ್ಲಿ ತನ್ನಷ್ಟು ಚೆನ್ನಾಗಿ ಮಾಡುವವರಿಲ್ಲ, ಜಂಬವೆಂದರೆ ಜಂಬ, ಇರಲಿ, ಜಂಬ ಪಡಲು ಯಾರ ಅಪ್ಪಣೆ ಬೇಕು. ಕೆಳಗೆ ಕಬ್ಬಿಣ ಕತ್ತರಿಸುವ ಸದ್ದು, ನೆಲ ಸಣ್ಣಗೆ ನಡುಗುತ್ತದೆ, ಚಹಾ ಲೋಟದ ಮೇಲಿನ ಕೆನೆಯೂ ನಡುಗುತ್ತದೆ, ಕೆಳಗೆ ಮೆಟ್ಟಿಲು ಮಾಡುತ್ತಾರೆ, ಮೇಲೆ ಇವಳು ಮೆಟ್ಟಿಲಿನ ನಕ್ಷೆ ಬರೆಯುತ್ತಾಳೆ. ಹಿಂದೆಲ್ಲ ದಪ್ಪ ಬದಲಾಯಿತೆಂದರೆ ಒಂದೊಂದೇ ಹಾಳೆ ತೆರೆದು ತಿದ್ದಬೇಕಿತ್ತು, ಒಮ್ಮೆ ಒಂದು ಹಾಳೆ ಕಣ್ಣು ತಪ್ಪಿ ಒಂದು ಅಂತಸ್ತಿನ ಹಲಗೆಯೆಲ್ಲ ಹಳೆಯ ದಪ್ಪದಲ್ಲೇ ಕತ್ತರಿಸಿ ಕೂತಿತ್ತು, ಸಾರ್ ಮೇಲೆ ಬಂದು ಅದರದೊಂದು ತುಂಡನ್ನು ಇವಳ ಮೇಜಿನ ಮೇಲಿಟ್ಟು ಕೆಳಗಿಳಿದು ಹೋದರು, ಬೈದಿದ್ದರೆ ವಾಸಿಯಿತ್ತು. ಅಂದಿನಿಂದ ಹಿಡಿದ ಹಟ, ಹಳೆಯ ನಕ್ಷೆಗಳ ಸೆಟ್ಟುಗಳನ್ನೂ ಬಿಡದೆ ಪ್ರತಿ ಟಿಪ್ಪಣಿಗೂ ಕೊಂಡಿ ಹಾಕಿದಳು, ಈಗ ಒಂದು ಕಡೆ ಬದಲಿಸಿದರೆ ಸಾಕು, ಚಿಟಿಕೆ ಹೊಡೆಯುವಷ್ಟರಲ್ಲಿ ಎಲ್ಲ ಹಾಳೆಯೂ ಬದಲು, ಮೊದಮೊದಲು ಮೂಗು ಮುರಿದವರೇ ಈಗ ಸಾಲುಗಟ್ಟಿ ಬರುತ್ತಾರೆ, ಮೇಡಂ ನಮ್ದಕ್ಕೂ ಸ್ವಲ್ಪ ಹಾಕಿಕೊಡಿ ಅಂತ.

ಆಯ್ತೇನೇ — ಬೆನ್ನ ಹಿಂದೆ ಅಕ್ಕ. ಮಡಿಲಲ್ಲಿ ಚೀಲ, ಚೀಲದ ಮೇಲೆ ಎರಡೂ ಕೈ, ಇಸ್ತ್ರಿ ಮಾಡಿದ ಬಟ್ಟೆ ಮುದುಡಬಾರದೆಂದು ಕುರ್ಚಿಯ ತುದಿಯಲ್ಲಿ ಕೂತಿದ್ದಾಳೆ, ಒಂದು ಕಾಲಕ್ಕೆ ಇವಳು ಈಗ ಕೂತಿರುವ ಕುರ್ಚಿಯೇ ಅಕ್ಕನದಾಗಿತ್ತು, ಇವಳು ಪಕ್ಕದಲ್ಲಿ ನಿಂತು ಕಲಿತವಳು, ಮಗು ಹುಟ್ಟಿದ ಮೇಲೆ ಅಕ್ಕ ಕೆಲಸ ಬಿಟ್ಟಳು, ಕುರ್ಚಿ ಇವಳಿಗೆ ಬಂತು. ಈಗ ಮಗು ಶಾಲೆಗೆ ಹೋಗುತ್ತಿದೆ, ಅಕ್ಕನಿಗೆ ಮತ್ತೆ ಕೆಲಸ ಬೇಕು, ಇಂದು ಮಧ್ಯಾಹ್ನ ಬೇರೊಂದು ಕಾರ್ಖಾನೆಯಲ್ಲಿ ಸಂದರ್ಶನ, ನೀವೇ ಬರೆದ ಒಂದು ಪೂರ್ತಿ ಸೆಟ್ ತನ್ನಿ ಅಂದಿದ್ದಾರೆ. ಪೂರ್ತಿ ಸೆಟ್ಟೆಂದರೆ ಅಕ್ಕ ಇಲ್ಲಿದ್ದಾಗ ಬರೆದ ಸುರುಳಿ ಮೆಟ್ಟಿಲೇ, ಅದಕ್ಕಿಂತ ಚೆಂದದ್ದು ಈ ಕೋಣೆಯಲ್ಲಿ ಹುಟ್ಟಿಲ್ಲ, ಸಾರ್ ಕೂಡ ತಕ್ಷಣ ಒಪ್ಪಿದರು, ಅವರದೇ ಕೆಲಸ ಅಲ್ವೇನಮ್ಮಾ, ಧಾರಾಳವಾಗಿ ತೆಕ್ಕೊಂಡು ಹೋಗ್ಲಿ. ಇನ್ನೇನು ಎರಡು ನಿಮಿಷ ಅಕ್ಕ, ನೋಡ್ತಿರು — ಗುಂಡಿ ಒತ್ತಿದಳು, ಪ್ರಿಂಟರ್ ಗೊಣಗಿಕೊಂಡು ಎದ್ದಿತು, ಮೊದಲ ಹಾಳೆಯ ತುದಿ ಹೊರಬಂತು, ನಡುಗಂಬ, ಅದನ್ನು ಸುತ್ತುವರಿದ ಹಲಗೆಗಳು, ಕೈಹಿಡಿಯ ಬಳುಕು, ಅಕ್ಕನ ಗೆರೆಯೆಂದರೆ ಗೆರೆ, ಕೊನೆಗೆ ಬಲಮೂಲೆಯ ಚೌಕ, ಚೌಕದೊಳಗೆ ಬರೆದವರು ಎಂದು, ಅದರ ಮುಂದೆ ತನ್ನ ಹೆಸರು.

ತನ್ನ ಹೆಸರು. ಎರಡನೆಯ ಹಾಳೆಯಲ್ಲೂ, ಮೂರನೆಯದರಲ್ಲೂ. ಎಲ್ಲದಕ್ಕೂ ಕೊಂಡಿ ಹಾಕುವ ಹುರುಪಿನಲ್ಲಿ ಆ ಚೌಕಕ್ಕೂ ಹಾಕಿದ್ದಳಲ್ಲ, ಇಡೀ ಸೆಟ್ಟಿಗೆ ಹೆಸರಿನ ಜಾಗ ಒಂದೇ, ಮುಗಿಸಿ ಕೊಟ್ಟವಳು ನಾನು ತಾನೇ ಎಂದು ತನ್ನದನ್ನೇ ತುಂಬಿದ್ದಳು, ಕೊನೆಯ ಕೆಲವು ಹಾಳೆ ಇವಳು ಬರೆದದ್ದು ನಿಜ, ಅಕ್ಕ ಬಿಟ್ಟು ಹೋದ ಮೇಲೆ, ಉಳಿದದ್ದೆಲ್ಲ ಅಕ್ಕನದು, ಅದರ ಮೇಲೆ ಅಕ್ಕನೇ ಬೆರಳಲ್ಲಿ ಕುಟ್ಟಿದ್ದ ಹೆಸರು ಅಂದೇ ಅಳಿಸಿಹೋಗಿದೆ, ಇವಳು ತಿರುಗಿ ನೋಡಿರಲಿಲ್ಲ. ಈ ಹಾಳೆ ಹಿಡಿದು ಅಕ್ಕ ಅಲ್ಲಿ ಕೂತಿದ್ದರೆ, ಇದು ನಿಮ್ಮ ಹೆಸರಲ್ವಲ್ಲ ಎಂದು ಅವರು ಕೇಳಿದ್ದರೆ. ಏನಾಯ್ತೇ ಅಂದಳು ಅಕ್ಕ, ಏನಿಲ್ಲ ಅಕ್ಕ, ಮಸಿ ಸರಿಯಾಗಿ ಬಂದಿಲ್ಲ, ಇನ್ನೊಂದ್ಸಲ ತೆಗೀತೀನಿ. ಗಾಬರಿ ಯಾಕೆ, ಕೊಂಡಿ ಹಾಕಿದವಳಿಗೆ ತಿದ್ದಲು ಬರದೇ, ಮಾಹಿತಿಯ ಪಟ್ಟಿ ತೆರೆದಳು, ತನ್ನದನ್ನು ಅಳಿಸಿ ಅಕ್ಕನ ಹೆಸರು ಕುಟ್ಟಿದಳು, ಒತ್ತಿದಳು, ಹಾಳೆ ಹಾಳೆಯಲ್ಲೂ ಬಲಮೂಲೆಯ ಚೌಕ ಕಣ್ಣು ಮಿಟುಕಿಸಿತು, ಬೂದಿನ ಮೇಲೆ ಅಕ್ಕ, ಬೂದಿನ ಮೇಲೆ ಅಕ್ಕ, ಕೊನೆಯ ಹಾಳೆಗಳಲ್ಲೂ ಅಕ್ಕ. ಅವು ತನ್ನವು. ಕೆಳಗಿನ ತಿರುವಿನ ಬೆಸುಗೆಯ ವಿವರ ಹೊಳೆಯದೆ ವಾರಗಟ್ಟಲೆ ಒದ್ದಾಡಿದ್ದು, ಬಸ್ಸಿನಲ್ಲಿ ನಿಂತೇ ಥಟ್ಟನೆ ಹೊಳೆದದ್ದು, ಕೈಚೀಟಿಯ ಹಿಂದೆ ಗೀಚಿಕೊಂಡದ್ದು — ಸಣ್ಣದೊಂದು ಮುಳ್ಳು ಚುಚ್ಚಿತು, ಅವನ್ನು ಬೇರೆ ಮಾಡೋಣವೆಂದರೆ ಚೌಕ ಎಲ್ಲ ಹಾಳೆಗೂ ಒಂದೇ, ತಾನೇ ಹಾಗೆ ಮಾಡಿಟ್ಟದ್ದು, ಬಿಡಿಸುತ್ತ ಕೂತರೆ ಅಕ್ಕನ ಬಸ್ಸು ಹೋಗುತ್ತದೆ. ಹೋಗಲಿ ಬಿಡು, ಇರಲಿ ಅಕ್ಕನಿಗೆ, ಕೊಡುವವಳು ನಾನು, ನನಗೇನು ಕಡಿಮೆ, ನಾಳೆ ಇದಕ್ಕಿಂತ ಒಳ್ಳೆಯದು ಬರೆಯುತ್ತೇನೆ, ಮುಳ್ಳು ತಾನಾಗಿ ಬಿದ್ದುಹೋಯಿತು, ಎದೆ ಹಗುರವಾಯಿತು, ಮತ್ತೆ ಗುಂಡಿ ಒತ್ತಿದಳು, ಬಿಸಿಬಿಸಿ ಹಾಳೆಗಳನ್ನು ಕೂಡಿಸಿ ಅಕ್ಕನ ಮಡಿಲಿಗಿಟ್ಟಳು, ತೊಗೋ, ನಿನ್ನ ಸಾಮ್ರಾಜ್ಯ.

ಅಕ್ಕ ಒಂದೊಂದೇ ತಿರುವುತ್ತಾಳೆ, ಆತುರವಿಲ್ಲ, ಮುಖದಲ್ಲಿ ಒಂದು ಬೆಳಕು, ಅಯ್ಯೋ ಈ ಕಂಬ ನೋಡೇ, ಇದಕ್ಕೆ ಎಷ್ಟು ಅತ್ತಿದ್ದೆ ನಾನು, ಇವಳು ನಗುತ್ತಾಳೆ, ಅಕ್ಕ ತಿರುವುತ್ತಾಳೆ, ತಿರುವುತ್ತಿದ್ದವಳ ಕೈ ನಿಂತಿತು. ಇದು ನಂದಲ್ಲ. ನಿಂದೇ ಅಕ್ಕ, ಹೆಸರಿದೆಯಲ್ಲ. ಹೆಸರಿರ್ಲಿ, ಇದು ನಿಂದು ಕಣೇ, ಟಿಪ್ಪಣಿ ಬಾಣದ ಬಾಲಾನ ನೀನು ಯಾವಾಗ್ಲೂ ಎಡಕ್ಕೇ ಎಳೀತೀಯ, ಬಲಕ್ಕೆ ಜಾಗ ಬಿದ್ದಿದ್ರೂ, ಹೇಳಿ ಹೇಳಿ ನನ್ನ ಬಾಯಿ ಒಣಗಿತ್ತು — ಇನ್ನೊಂದು ಹಾಳೆ ಎಳೆದಳು, ಇದೂ ನಿಂದು, ಬೆಸುಗೆಯದೂ ನಿಂದು, ಚೀಲ ತೆರೆದು ಪೆನ್ನು ತೆಗೆದಳು. ಬೇಡ ಅಕ್ಕ, ಗೀಚಿದ ಹಾಳೆ ನೋಡಿ ಅಲ್ಲಿ ಏನಂದ್ಕೋತಾರೆ. ಏನಾದ್ರೂ ಅಂದ್ಕೊಳ್ಳಿ, ಈ ಬೆಸುಗೆ ಹೇಗೆ ಹೊಳೀತು ನಿಮಗೆ ಅಂತ ಕೇಳಿದ್ರೆ ನಾನೇನು ಹೇಳ್ಲಿ, ತಡೀರಿ ಸಾರ್ ತಂಗೀಗೆ ಫೋನ್ ಮಾಡ್ತೀನಿ ಅನ್ಲಾ. ನಗು ಬಂತು, ಕೊಟ್ಟೆ ಎಂದುಕೊಂಡಿದ್ದಳಲ್ಲ, ಎಷ್ಟು ದೊಡ್ಡ ಮನಸ್ಸಿನಿಂದ ಕೊಟ್ಟಿದ್ದಳು, ಅಕ್ಕನಿಗೆ ಅದು ಬೇಕೇ ಇರಲಿಲ್ಲ, ಕೆಲಸ ಬೇಕಾದವಳಿಗೂ ಬೇಕಿರಲಿಲ್ಲ — ಅಕ್ಕ ಹಾಳೆಯನ್ನು ಚೀಲದ ಮೇಲೆ ಹರವಿದಳು, ಕೆಳಗೆ ಕತ್ತರಿಸುವ ಸದ್ದು ನಿಂತಿತೋ ಕೇಳಿಸದಾಯಿತೋ, ಬಲಮೂಲೆಯ ಚೌಕ, ಚೌಕದಲ್ಲಿ ಅಕ್ಕನ ಹೆಸರು, ಅದರ ಮೇಲೆ ಅಡಿಪಟ್ಟಿಯಿಲ್ಲದೆಯೂ ನೇರವಾದ ಒಂದು ಗೆರೆ, ಪೆನ್ನಿನ ಮೊನೆ ಮೇಲೆದ್ದಿತು, ಕೆಳಗಿಳಿಯಿತು, ಒಂದು ಅಕ್ಷರ, ಇನ್ನೊಂದು ಅಕ್ಷರ, ಅಕ್ಕನ ದುಂಡು ಬರಹದಲ್ಲಿ ತನ್ನ ಹೆಸರು, ನೀಲಿ, ಇನ್ನೂ ಒದ್ದೆ —